ನೀಲಿ ಹೂವಿನ ಹೊದಿಕೆ

ನೀರು ಸರಬರಾಜು ಕಚೇರಿಯ ಗುಮಾಸ್ತರ ಕಂಪ್ಯೂಟರಿಗೆ ನೀಲಿ ಹೂವಿನ ಹೊದಿಕೆ. ಹಳೆಯ ಕಿಟಕಿ ಪರದೆ ಕತ್ತರಿಸಿ ಅವರ ಮನೆಯಾಕೆ ಹೊಲಿದುಕೊಟ್ಟದ್ದು. ಆ ಕಚೇರಿಯ ಕಂಪ್ಯೂಟರುಗಳೆಲ್ಲ ಒಂದೇ ಅಚ್ಚಿನವು. ಪಾಸ್‌ವರ್ಡ್ ಹಾಕಿದರೆ ಮರೆತುಹೋಗುತ್ತದೆಂದು ಯಾರೂ ಹಾಕಿರಲಿಲ್ಲ. ಹೊದಿಕೆ ನೋಡಿಯೇ ಅವರವರು ಅವರವರದ್ದರ ಮುಂದೆ ಕೂರುವುದು ರೂಢಿ. ರಜೆಯಲ್ಲಿ ಗೋಡೆಗೆ ಸುಣ್ಣ ಬಳಿಸಿದಾಗ ಮೇಜುಗಳೆಲ್ಲ ಅತ್ತಿತ್ತ ಆಗಿದ್ದವು. ಸೋಮವಾರ ಗುಮಾಸ್ತರು ನೀಲಿ ಹೂವನ್ನು ಹುಡುಕಿಕೊಂಡು ಹೋಗಿ, ಹೊದಿಕೆ ಮಡಚಿಟ್ಟು, ಗುಂಡಿ ಒತ್ತಿದರು.

ಪರದೆ ಬೆಳಗಿತು. ಗುಮಾಸ್ತರ ಮುಖ ಕಪ್ಪಿಟ್ಟಿತು.

ಹತ್ತು ವರ್ಷ ಪರದೆಯ ಎಡಮೂಲೆಯಲ್ಲಿ ತೆಪ್ಪಗಿದ್ದ 'ಸ್ಟಾರ್ಟ್' ಗುರುತು ನಟ್ಟನಡುವೆ ಬಂದು ಮದುಮಗನ ಹಾಗೆ ಕೂತಿತ್ತು. ಬಲಮೂಲೆಯ ಕಸದ ಬುಟ್ಟಿಯೂ ಇಲ್ಲ, ಅದರ ಪಕ್ಕ ಇಟ್ಟಿದ್ದ ನೀರಿನ ಪಟ್ಟಿಯೂ ಇಲ್ಲ. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕೆಂದು ಮೂರು ವಾರ ಕೂತು ತಿದ್ದಿದ್ದ ಪಟ್ಟಿ ಅದು. ಸಂಜೆ ಐದರೊಳಗೆ ನೀರುಗಂಟಿಯ ಕೈಗೆ ಸಿಗದಿದ್ದರೆ ನಾಳೆ ಊರಿನ ಒಂದು ನಲ್ಲಿಯೂ ತೊಟ್ಟಿಕ್ಕುವುದಿಲ್ಲ. ಪರದೆಯ ಮೇಲಿದ್ದದ್ದೆಲ್ಲ ಪೈಪು ಒಡೆದ ದೂರು, ಕೆಸರು ನೀರಿನ ದೂರು.

"ರಜೆಯಲ್ಲಿ ಹೊಸ ವೇಷ ಹಾಕಿ ನನ್ನ ಪಟ್ಟಿಗಳನ್ನೆಲ್ಲ ದೂರು ಮಾಡಿಹಾಕಿದೆಯಲ್ಲ ಇದು" ಎಂದುಕೊಂಡು ಗುಮಾಸ್ತರು ಅಂಗಿಯ ತೋಳು ಮಡಚಿದರು. ಪರದೆಯ ಹಳೆಯ ಮುಖ ಬಂದರೆ ಹಳೆಯ ಜಾಗಕ್ಕೆ ಪಟ್ಟಿಯೂ ಬರಲೇಬೇಕು ಎಂಬುದು ಅವರ ಲೆಕ್ಕಾಚಾರ.

ಟಪಾಲಿನವರು ಚಹಾದ ಲೋಟ ಹಿಡಿದು ಬಂದು, ಆರಿಸಿ ಹೊತ್ತಿಸಿ ಎಂದರು. ಮೂರು ಸಲ ಆಯಿತು. ಮದುಮಗ ಕದಲಲಿಲ್ಲ.

"ಹೊಸದಕ್ಕೆ ಒಗ್ಗಿಕೋಬೇಕು ಕಣ್ರೀ. ಮನೇಲಿ ಸಾಮಾನಿನ ಜಾಗ ಬದಲಾಯಿಸಿದ್ರೆ ಒಗ್ಗಿಕೊಳ್ಳಲ್ವ ನಾವು?" ಎಂದರು ಟಪಾಲಿನವರು.

"ಮನೇಲಿ ಕೇಳಿದ್ರೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ನನ್ನಾಕೆ ಹೇಳ್ತಾಳೆ. ಇದನ್ನ ಕೇಳಿದ್ರೆ, ನಿಮಗೇನು ಬೇಕು ಅಂತ ನನ್ನನ್ನೇ ಕೇಳುತ್ತೆ."

ಅಷ್ಟರಲ್ಲಿ ಮೀಟರು ಓದುವವರು ಬಂದು, ಭಾವಮೈದುನನ ಫೋನು ತಾವೇ ರಿಪೇರಿ ಮಾಡಿದ ಕತೆ ಹೇಳುತ್ತ ಒಟ್ಟಿಗೆ ನಾಲ್ಕು ಕೀಲಿ ಅದುಮಿದರು. ಪರದೆ ತಲೆಕೆಳಗಾಯಿತು. ಮೂವರೂ ಕತ್ತು ಹೊರಳಿಸಿ ಓದತೊಡಗಿದರು. ಆ ದಾರಿಯಲ್ಲಿ ಬಂದ ಅಧಿಕಾರಿಗಳು ಕತ್ತು ನೋವಿಗೆ ಒಳ್ಳೆಯ ಮುಲಾಮೊಂದರ ಹೆಸರು ಹೇಳಿ ಹೋದರು.

ಕಪಾಟಿನ ಸಾಲಿನ ಆಚೆ ದೂರು ವಿಭಾಗದ ಹೆಣ್ಣುಮಗಳೂ ಬೆಳಿಗ್ಗೆಯಿಂದ ಏನನ್ನೋ ಗೊಣಗುತ್ತಲೇ ಇದ್ದಳು. ಪಾಪ, ಊರವರ ದೂರಿನ ಕಾಟ ಎಂದುಕೊಂಡರು ಗುಮಾಸ್ತರು.

ಮಧ್ಯಾಹ್ನ ರಿಪೇರಿಯವನಿಗೆ ಫೋನು ಮಾಡಿದರು. ಪರದೆಯನ್ನು ನೆಟ್ಟಗೆ ಮಾಡಿಸಿ, ಹಳೆಯದಕ್ಕೆ ಮರಳುವ ದಾರಿ ಏಳು ಬಾಗಿಲು ದಾಟಿ ಒಳಗಿದೆ ಎಂದ. ಏಳನ್ನೂ ಅಂಗೈ ಮೇಲೆ ಬರೆದುಕೊಂಡರು. ಬರೆದದ್ದು ಅಳಿಸೀತೆಂದು ಅಂದು ಊಟಕ್ಕೂ ಕೈಹಾಕಲಿಲ್ಲ. ನಿಜವಾಗಿಯೂ ಹಿಂದಿರುಗಬೇಕೇ ಎಂದು ಯಂತ್ರ ನಾಲ್ಕು ಸಲ ಕೇಳಿತು. ನಾಲ್ಕು ಸಲವೂ ಹೌದೆಂದರು. ಆಮೇಲೆ ಅದು ಬಸುರಿಯಂತೆ ಏದುಸಿರು ಬಿಡುತ್ತ ಕೂತುಬಿಟ್ಟಿತು.

ನಾಲ್ಕೂವರೆಗೆ ಹಳೆಯ ಮುಖ ಬಂತು. ಮದುಮಗ ಎಡಮೂಲೆಗೆ ಸರಿದಿದ್ದ. ಟಪಾಲಿನವರು ಚಪ್ಪಾಳೆ ತಟ್ಟಿದರು. ಗುಮಾಸ್ತರ ಕಣ್ಣು ಬಲಮೂಲೆಗೆ ಓಡಿತು. ಕಸದ ಬುಟ್ಟಿ ಇತ್ತು. ಅದರ ಪಕ್ಕ ಬರಿ ಬಯಲು.

ಆಗ ಕಪಾಟಿನ ಮೇಲಿಂದ ದೂರು ವಿಭಾಗದವಳ ತಲೆ ಕಾಣಿಸಿತು. "ಸರ್, ನಿಮ್ಮ ನೀರಿನ ಪಟ್ಟಿ ನನ್ನ ಕಂಪ್ಯೂಟರಲ್ಲಿ ಯಾಕಿದೆ?"

ಎಲ್ಲರ ಕಣ್ಣೂ ನೀಲಿ ಹೂವಿನ ಹೊದಿಕೆಯತ್ತ ಹೊರಳಿತು. ಕಸ ಗುಡಿಸುತ್ತಿದ್ದ ಅಕ್ಕ ಪೊರಕೆ ನಿಲ್ಲಿಸಿದಳು. "ಹೊದಿಕೆ ಮೇಲೆಲ್ಲ ಸುಣ್ಣ ಹಾರಿತ್ತು. ಒಗೆದು, ಕೈಗೆ ಸಿಕ್ಕಿದ್ದನ್ನ ಸಿಕ್ಕಿದ್ದಕ್ಕೆ ಹೊದಿಸಿದೆ. ಯಾವುದು ಯಾರದ್ದು ಅಂತ ಅದರ ಮೇಲೆ ಬರೆದಿತ್ತಾ?"

ಐದಕ್ಕೆ ಐದು ನಿಮಿಷವಿರುವಾಗ ಪಟ್ಟಿ ಅಚ್ಚಾಗಿ ನೀರುಗಂಟಿಯ ಜೇಬು ಸೇರಿತು. ಗುಮಾಸ್ತರು ಉಸಿರು ಬಿಟ್ಟರು. "ಸದ್ಯ. ನನ್ನದು ಹಳೇ ಥರಾನೇ ಇದೆಯಲ್ಲಮ್ಮ?"

ಅವಳು ನೆಲ ನೋಡಿದಳು. "ಇತ್ತು ಸರ್. ನನ್ನದನ್ನ ಯಾರೋ ಅಜ್ಜನ ಕಾಲಕ್ಕೆ ತಿರುಗಿಸಿಟ್ಟಿದಾರೆ ಅಂತ ಬೆಳಿಗ್ಗೆಯಿಂದ ಕೂತು ಹೊಸದು ಮಾಡಿದೆ. ದೂರು ಒಂದೂ ಇರ್ಲಿಲ್ಲ, ಎಲ್ಲ ಪರಿಹಾರ ಆಗಿರ್ಬೇಕು ಅಂದ್ಕೊಂಡೆ."

ಗುಮಾಸ್ತರು ಒಂದು ಗಳಿಗೆ ಯೋಚಿಸಿದರು. ಹಳೆಯದು ತಮ್ಮ ಮುಂದಿದೆ, ಹೊಸದು ಅವಳ ಮುಂದಿದೆ. ಹೀಗೇ ಇದ್ದುಬಿಡೋಣ ಎಂದರು. ಅವಳೂ ನಕ್ಕಳು. ಆದರೆ ಮುಲಾಮಿನ ಅಧಿಕಾರಿಗಳು ನಗಲಿಲ್ಲ. ಸಾಮಾನಿನ ದಾಖಲೆಯಲ್ಲಿ ನಂಬರು ಇದೆ, ನಾಳೆ ತಪಾಸಣೆ ಇದೆ, ಯಾರ ನಂಬರು ಅವರ ಮೇಜಿಗೇ ಹೋಗಬೇಕು ಎಂದುಬಿಟ್ಟರು.

ಗುಮಾಸ್ತರು ಅಂಗೈ ಬಿಡಿಸಿ ನೋಡಿಕೊಂಡರು. ಏಳು ಸಾಲೂ ಹಾಗೇ ಇದ್ದವು. "ಹೋಗ್ಲಿ ಬಿಡು, ದಾರಿ ಗೊತ್ತಿದೆ. ನಾಳೆ ನನ್ನದನ್ನೂ ತಿರುಗಿಸ್ತೀನಿ."

"ಆಗಲ್ಲ ಸರ್," ಎಂದಳು ಅವಳು ಮೆಲ್ಲಗೆ. "ಇನ್ನು ಯಾರೂ ತಿರುಗಿಸಬಾರದು ಅಂತ ಆ ದಾರಿನೇ ಅಳಿಸಿಹಾಕಿದೀನಿ."

ಗುಮಾಸ್ತರು ಮಡಚಿಟ್ಟಿದ್ದ ಬಟ್ಟೆ ಎತ್ತಿಕೊಂಡು ಕಪಾಟಿನ ಆಚೆ ತಮ್ಮ ಕಂಪ್ಯೂಟರಿನತ್ತ ನಡೆದರು. ನಡುವೆ ಕೂತು ಹೊಳೆಯುತ್ತಿದ್ದ ಮದುಮಗನನ್ನು ಒಮ್ಮೆ ನೋಡಿ, ನೀಲಿ ಹೂವಿನ ಹೊದಿಕೆ ಕೊಡವಿ, ಮುಖ ಮುಚ್ಚುವಂತೆ ಎಳೆದು ಹೊದಿಸಿದರು.