ವೃತ್ತಿ ಪರಿಚಯ ಮೇಳದ ಏಕೈಕ ಸಂಚಾಲಕ

ಪುಣೆಯಲ್ಲಿ ಇಷ್ಟೊಂದು ಕನ್ನಡದವರಿದ್ದೇವೆ, ಒಬ್ಬರು ಏನು ಕೆಲಸ ಮಾಡುತ್ತಾರೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲರನ್ನೂ ಒಂದು ಭಾನುವಾರ ಕೂಡಿಸಿ ಪರಿಚಯ ಮಾಡಿಸಿದರೆ ವ್ಯಾಪಾರಿಗೆ ಗಿರಾಕಿ, ವಕೀಲರಿಗೆ ಕಕ್ಷಿದಾರ, ಓದಿದ ಮಕ್ಕಳಿಗೆ ನೌಕರಿ ಸಿಕ್ಕೀತು. ಈ ವಿಚಾರ ನನಗೆ ಹೊಳೆದದ್ದು ಶಿವಾಜಿನಗರದ ನಮ್ಮ ಆಫೀಸಿನಲ್ಲಿ, ಊಟದ ಡಬ್ಬಿ ಬಿಚ್ಚುವಾಗ. ಮೊಬೈಲು ಇನ್ನೂ ದೊಡ್ಡ ಸಾಹೇಬರ ಕೈಯಲ್ಲಷ್ಟೇ ಕಾಣುತ್ತಿದ್ದ ಕಾಲ ಅದು. ನಮ್ಮ ಬಡಾವಣೆಯ ಕನ್ನಡ ಮಂಡಳಿಯವರು ತಕ್ಷಣ ಒಪ್ಪಿ ನನ್ನನ್ನೇ ಸಂಚಾಲಕನನ್ನಾಗಿ ಮಾಡಿದರು. ಇಡೀ ಆಫೀಸಿನ ಫೈಲು ಸಂಭಾಳಿಸುವ ಹೆಡ್ ಕ್ಲರ್ಕಿಗೆ ಇದೇನು ಮಹಾ ಎಂದುಕೊಂಡೆ.

ಈ ಮೇಳದ ಹಿಂದೆ ನನಗೊಂದು ಸ್ವಂತ ಆಸೆಯೂ ಇತ್ತು. ಪಕ್ಕದ ಮನೆಯ ಸುನಂದಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮನೆಯಲ್ಲೇ ಕೂತಿದ್ದಳು. ಕೆಲಸ ಬಲ್ಲವಳೇ, ಆದರೆ ಇಂಟರ್‌ವ್ಯೂಗೆ ಹೋದರೆ ಗಂಟಲು ಕಟ್ಟಿಬಿಡುತ್ತಿತ್ತು. ಮುಖ್ಯ ಅತಿಥಿಯಾಗಿ ಬರಲಿದ್ದ ದೇಸಾಯಿಯವರಿಗೆ ಸ್ವಂತ ಫ್ಯಾಕ್ಟರಿ ಇತ್ತು. ಅವರನ್ನು ನಾನು ಕಣ್ಣಾರೆ ಕಂಡಿರಲಿಲ್ಲ, ಫೋನಿನಲ್ಲೇ ಒಪ್ಪಿಸಿದ್ದೆ. ಅವರಿಗೆ ಸುನಂದಾಳನ್ನು ಭೇಟಿ ಮಾಡಿಸುತ್ತೇನೆಂದು ಅವಳ ತಾಯಿಗೆ ಮಾತು ಕೊಟ್ಟೆ. ಅವಳಿಗೊಂದು ಇಂಗ್ಲಿಷ್ ಭಾಷಣ ಬರೆದು ಕೊಟ್ಟು ಬಾಯಿಪಾಠ ಮಾಡಿಸಿದೆ. ಪಾಪ, ಅದನ್ನು ಹೇಳುವಾಗ ಅವಳ ಗಂಟಲು ಇನ್ನಷ್ಟು ಕಟ್ಟುತ್ತಿತ್ತು.

ನನ್ನ ವ್ಯವಸ್ಥೆಯ ಮುಕುಟಮಣಿ ಎಂದರೆ ಬ್ಯಾಡ್ಜು. ಪ್ರತಿಯೊಬ್ಬರ ಹೆಸರು, ಕೆಲಸ, ಎಲ್ಲವೂ ಅಚ್ಚ ಕನ್ನಡದಲ್ಲಿ. ಸಮಾನತೆ ಇರಲೆಂದು, ಹೆಂಡತಿ ಗೊತ್ತುಮಾಡಿದ್ದ, ನಾನಿನ್ನೂ ನೋಡಿರದ ಅಡುಗೆಯವರಿಗೂ ಒಂದು. ಮುಖ್ಯ ಅತಿಥಿಯದಕ್ಕೆ ಮಾತ್ರ ಜರಿ ಅಂಚು.

ಹೆಂಡತಿ ಶಾಂತಾ ಒಮ್ಮೆ ನೋಡಿದಳು. "ಅಲ್ರೀ, ಇಲ್ಲೇ ಹುಟ್ಟಿ ಮರಾಠಿ ಸಾಲಿಗೆ ಹೋದವರಿಗೆ ಕನ್ನಡ ಓದಾಕ ಎಲ್ಲಿ ಬರ್ತದ? ಕೆಳಗ ಮರಾಠಿನೂ ಬರೀರಿ."

"ಕನ್ನಡದವರ ಮೇಳದಾಗ ಮರಾಠಿ ಯಾಕ?"

"ಹಂಗಾರ ನಾ ಬಾಗಲದಾಗ ಕುಂತು, ಹೆಸರು ಕೇಳಿ ಕೊಡ್ತೀನಿ."

"ಏನೂ ಬ್ಯಾಡ. ಅವರವರದು ಅವರವರು ತಗೋತಾರ. ನೀ ಅಡಿಗಿ ಕಡೆ ನೋಡ್ಕೋ."

ಅವಳು ಅಡಿಗೆ ಕಡೆ ನೋಡಿಕೊಂಡಳು. ಅದೊಂದು ಸುಸೂತ್ರವಾಯಿತು.

ಸದಾಶಿವ ಪೇಠದ ಸಭಾಂಗಣಕ್ಕೆ ಜನ ಬಂದರು, ಮೇಜಿನ ಮೇಲಿದ್ದ ಬ್ಯಾಡ್ಜುಗಳನ್ನು ತಮ್ಮ ತಮ್ಮ ಇಷ್ಟದಂತೆ ಎತ್ತಿಕೊಂಡರು. ಸಾದಾ ಅಂಗಿಯ ವಯಸ್ಸಾದ ಗೃಹಸ್ಥರೊಬ್ಬರು ನಗುತ್ತಾ ನನ್ನೆದುರು ನಿಂತರು. ಎದೆಯ ಮೇಲೆ "ವಿಠ್ಠಲಪ್ಪ, ಅಡುಗೆ ಮೇಲ್ವಿಚಾರಕರು". ನನಗೆ ಸಿಟ್ಟು ಬಂತು.

"ಎಷ್ಟು ತಡಾ ಮಾಡಿದ್ರಿ. ಒಳಗ ನಡೀರಿ, ಎಲ್ಲಾರೂ ನಿಮ್ಮ ದಾರಿ ಕಾಯಾಕತ್ತಾರ."

"ಹೌದ್ರಿ? ತಪ್ಪಾತ್ರಿ," ಎಂದು ಅವರು ಒಳಗೆ ಹೋದರು.

ಅದರ ಹಿಂದೆಯೇ ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಭಾರಿ ಆಳೊಬ್ಬರು ಬಂದರು. ಎದೆಯ ಮೇಲೆ ಜರಿ ಅಂಚು. ನಾನು ಕೈಮುಗಿದು ವೇದಿಕೆಗೆ ಕರೆದೊಯ್ದೆ.

"ಸಾಹೇಬ್ರ, ಹಪ್ಪಳ ಕರಿಯೂದು ಇನ್ನೂ ಬಾಕಿ ಅದ," ಎಂದರು.

ದೊಡ್ಡವರ ವಿನೋದವೇ ಬೇರೆ ಎಂದು ಮನಸಾರೆ ನಕ್ಕೆ. ಶಾಲು ಹೊದಿಸಿದೆ. ಫ್ಯಾಕ್ಟರಿ ಕಟ್ಟಿದ ಅವರ ಸಾಹಸವನ್ನು ವಿಸ್ತಾರವಾಗಿ ವರ್ಣಿಸಿದೆ. ಅವರು ಕಣ್ಣರಳಿಸಿ ಕೇಳಿದರು. ತಮ್ಮ ಬಗ್ಗೆ ಇಷ್ಟು ವಿಷಯ ಅವರಿಗೂ ಗೊತ್ತಿರಲಿಲ್ಲ. ಮೈಕು ಕೊಟ್ಟಾಗ, "ಅಡಿಗಿ ಆಗೇದ. ಎಲ್ಲಾರೂ ಹೊಟ್ಟಿ ತುಂಬ ಉಣ್ರಿ," ಎಂದಷ್ಟೇ ಹೇಳಿ ಕೂತರು. ಅಷ್ಟು ಚಿಕ್ಕ ಭಾಷಣ ಕೇಳಿರದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೆಳಗೆ ಚರ್ಮರೋಗದ ಡಾಕ್ಟರನ್ನು ಯಾರೋ ಸಿಮೆಂಟಿನ ದರ ಕೇಳುತ್ತಿದ್ದರು. ಸಿಮೆಂಟ್ ವ್ಯಾಪಾರಿಯ ಮುಂದೆ ಒಬ್ಬರು ತೋಳು ಮಡಚಿ ಗಜಕರ್ಣ ತೋರಿಸುತ್ತಿದ್ದರು. ಅಷ್ಟರಲ್ಲಿ ಶಾಂತಾ ವೇದಿಕೆಯ ಪಕ್ಕಕ್ಕೆ ಬಂದಳು.

"ರೀ, ನಮ್ಮ ಅಡಿಗಿ ವಿಠ್ಠಲಪ್ಪನ್ನ ಯಾಕ ಮ್ಯಾಲ ಕುಂಡ್ರಿಸೀರಿ? ಅಲ್ಲೆ ಒಳಗ ಯಾರೋ ದೊಡ್ಡ ಮನುಷ್ಯಾರು ಹಪ್ಪಳ ಕರಿಯಾಕತ್ತಾರ. ಅವರ ಡ್ರೈವರ್ ಬಂದು ದೇಸಾಯಿ ಸಾಹೇಬ್ರು ಅಂತಾನ."

ನೆಲ ಬಾಯಿ ಬಿಡಲೆಂದು ಹಾರೈಸಿದೆ. ಸದಾಶಿವ ಪೇಠದ ನೆಲ ಗಟ್ಟಿ.

ಅಡುಗೆಮನೆಗೆ ಓಡಿದೆ. ಕೆಟ್ಟುಹೋದ ಮಿಕ್ಸರನ್ನು ಸುನಂದಾ ಬಿಚ್ಚಿ ಕೂತಿದ್ದಳು. ಭಾಷಣಕ್ಕೆ ಹೆದರಿದ್ದವಳನ್ನು ಶಾಂತಾಳೇ ಕೈಗೆಲಸಕ್ಕೆಂದು ಒಳಗೆ ಕರೆದುಕೊಂಡಿದ್ದಳಂತೆ. ಮುಖ್ಯ ಅತಿಥಿಗಳು ಹಪ್ಪಳ ಮುಗಿಸಿ, ಅವಳೆದುರು ಕುಕ್ಕರಗಾಲಲ್ಲಿ ಕೂತು ಮಿಕ್ಸರು ಹಿಡಿದಿದ್ದರು.

"ಕಾಕಾ, ಗಟ್ಟಿ ಹಿಡೀರಿ. ವೈರ್ ಸುಟ್ಟದ್ದು ಇಲ್ಲೆ ನೋಡ್ರಿ. ಮೋಟಾರಿಗೆ ಏನೂ ಆಗಿಲ್ಲ," ಎಂದು ಅವಳು ಗದರುವಂತೆ ಹೇಳುತ್ತಿದ್ದಳು. ಅವಳ ಗಂಟಲು ಎಲ್ಲೂ ಕಟ್ಟಿರಲಿಲ್ಲ.

ನಾನು ಕೈಮುಗಿದು "ದೇಸಾಯಿ ಸಾಹೇಬ್ರ" ಎಂದೊಡನೆ ಅವಳು ಎದ್ದು ನಿಂತು, ಬೆವರುತ್ತಾ, ನನ್ನ ಇಂಗ್ಲಿಷ್ ಭಾಷಣ ಶುರು ಮಾಡಿದಳು.

"ಅದು ಬ್ಯಾಡವ್ವಾ," ಎಂದರು ದೇಸಾಯಿಯವರು. "ಈಗ ಹೇಳಿದ್ಯಲ್ಲ, ಹಂಗ ಹೇಳು. ಸೋಮವಾರ ಫ್ಯಾಕ್ಟರಿಗೆ ಬಾ." ನನ್ನತ್ತ ತಿರುಗಿ, "ತಪ್ಪು ನಂದರೀ. ಮನ್ಯಾಗ ಕನ್ನಡ ಮಾತಾಡಿದೆ, ಓದಾಕ ಕಲೀಲಿಲ್ಲ. ಕೈಗೆ ಸಿಕ್ಕದ್ದು ಹಚ್ಚಿಕೊಂಡೆ. ಖರೇ ಹೇಳಬೇಕಂದ್ರ, ಇಷ್ಟು ಚಲೋ ಕಾರ್ಯಕ್ರಮ ನಾ ನೋಡಿಲ್ಲ," ಎಂದರು.

ಮೈಕಿನಲ್ಲಿ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಆಮೇಲೆ ಕನ್ನಡ ಓದಲು ಬಲ್ಲವರು ಬಾರದವರ ಎದೆಯ ಮೇಲಿನದನ್ನು ಓದಿ ಹೇಳತೊಡಗಿದರು. ನಗುತ್ತಾ ತಮ್ಮ ಬ್ಯಾಡ್ಜಿನ ಒಡೆಯರನ್ನು ಹುಡುಕುತ್ತಾ ಎಲ್ಲರೂ ಎಲ್ಲರನ್ನೂ ಮಾತಾಡಿಸಿದರು. ನಾನು ಹಾಕಿದ್ದ ಕುರ್ಚಿಗಳ ಸಾಲಿನಲ್ಲಿ ಹೀಗೆ ಎಂದೂ ಆಗುತ್ತಿರಲಿಲ್ಲ. ವಿಠ್ಠಲಪ್ಪನವರು ಶಾಲು ಹೊದ್ದುಕೊಂಡೇ ಬಡಿಸಿದರು. ದೇಸಾಯಿಯವರು ಶಾಲು ಬೇಡವೆಂದು ಇನ್ನೆರಡು ಹಪ್ಪಳ ಕೇಳಿದರು.

ಸುನಂದಾಳಿಗೆ ನೌಕರಿಯಾಯಿತು. ಹಬ್ಬ ಬಂದರೆ ಅವಳ ತಾಯಿ ಇವತ್ತಿಗೂ ನನ್ನ ಹೆಸರಿನಲ್ಲಿ ಹೋಳಿಗೆ ಕಳಿಸುತ್ತಾರೆ. ನಾನದನ್ನು ತಿನ್ನುವ ಮೊದಲು ಶಾಂತಾಳನ್ನು, ವಿಠ್ಠಲಪ್ಪನವರನ್ನು, ಸಿಟ್ಟಾಗಬಹುದಾಗಿದ್ದೂ ಸಿಟ್ಟಾಗದ ದೇಸಾಯಿಯವರನ್ನು ಮನಸ್ಸಿನಲ್ಲೇ ನೆನೆಯುತ್ತೇನೆ. ನನ್ನ ಅಷ್ಟೊಂದು ವ್ಯವಸ್ಥೆಯಿಂದ ಮೇಳವನ್ನು ಉಳಿಸಿದವರು ಅವರು.

ಮೇಳವನ್ನು ವರ್ಷವೂ ನಡೆಸಬೇಕೆಂದು ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು. ಮರುವರ್ಷ ಶಾಂತಾ ಸಂಚಾಲಕಿ. ನನಗೂ ಒಂದು ಜವಾಬ್ದಾರಿ ಕೊಟ್ಟರು: ಬಾಗಿಲಲ್ಲಿ ಚಪ್ಪಲಿ ಕಾಯುವುದು. ಯಾರೊಬ್ಬರದೂ ಅದಲುಬದಲಾಗದಂತೆ ಅತ್ಯಂತ ಕಟ್ಟುನಿಟ್ಟಾಗಿ ಕಾದೆ. ಮನೆಗೆ ಬಂದಮೇಲೆ ಶಾಂತಾ ನನ್ನ ಕಾಲು ನೋಡಿ ಕೇಳಿದಳು, "ಇವು ಯಾರ ಚಪ್ಪಲ್ರೀ?"