ದೂರು ಅಂತ ಅಲ್ಲ, ಸುಮ್ಮನೆ ಒಂದು ಮಾತು

ಗ್ಲೆಂಡಾ: ಮೂರರಲ್ಲೊಂದು ಭಾಗ! ಯಾಕಂತೆ? ಅವರೇನು ನಿನ್ನ ಜೊತೆ ನಿಂತು ಸಾಲದ ಕಂತು ಕಟ್ಟಿದ್ರಾ?

ಹೆಡ್ಲಿ: ಅವರು ಬ್ಯಾಂಕಿಂದ ದುಡ್ಡು ವಾಪಸು ಕೊಡಿಸೋ ಕಂಪನಿಯವರು, ತಜ್ಞರು ಕಣೇ. ತಜ್ಞರು ಅಂದ್ಮೇಲೆ ಫೀಸು ಇದ್ದೇ ಇರುತ್ತೆ.

ಗ್ಲೆಂಡಾ: ಸರಿ, ಆ ತಜ್ಞರು ಮಾಡೋದೇನು?

ಹೆಡ್ಲಿ: ನಮ್ಮ ಪರವಾಗಿ ಬ್ಯಾಂಕಿಗೆ ದೂರು ಕೊಡ್ತಾರೆ.

ಗ್ಲೆಂಡಾ: ಅದನ್ನ ನಾವೇ ಕೊಟ್ರೆ?

ಹೆಡ್ಲಿ: ನಾವೇ ಕೊಟ್ರೆ... ನಾವೇ ಕೊಟ್ಟ ಹಾಗಾಗುತ್ತಲ್ಲ!

(ಇಂಗ್ಲೆಂಡಿನ ಬಾರ್ನ್ಸ್ಲಿಯ ನಮ್ಮ ಬೀದಿಯಲ್ಲಿ ಅವತ್ತು ಸಣ್ಣಗೆ ಹಿಮ ಬೀಳುತ್ತಿತ್ತು. ಕ್ರಾಬ್‌ಟ್ರೀ ದಂಪತಿ ತಮ್ಮ ನಡುಮನೆಯಲ್ಲೇ ಓವರ್‌ಕೋಟು, ಮಫ್ಲರು ಹಾಕಿಕೊಂಡು ರೈಲಿಗೆ ಕಾಯುವವರ ಹಾಗೆ ಕೂತಿದ್ದರು. ಮನೆ ಬಿಸಿ ಮಾಡುವ ಬಾಯ್ಲರ್ ಕೆಟ್ಟು ಹೋಗಿತ್ತು. ಹೊಸದಕ್ಕೆ ಎರಡು ಸಾವಿರ ಪೌಂಡ್ ಬೇಕು. ಹಿಂದೊಮ್ಮೆ ಅಡುಗೆಮನೆ ಸರಿಮಾಡಿಸಲು ಹೆಡ್ಲಿ ಸಾಲ ತೆಗೆದಾಗ ಬ್ಯಾಂಕಿನವರು ಅವನನ್ನು ಕೇಳದೇ, ಕಾಯಿಲೆ ಬಿದ್ದರೆ ಕಂತು ಕಟ್ಟುವ ವಿಮೆಯೊಂದನ್ನು ಅದಕ್ಕೆ ಅಂಟಿಸಿ ದುಡ್ಡು ವಸೂಲು ಮಾಡಿದ್ದರು. ಅಂಥ ದುಡ್ಡನ್ನು ಕೇಳಿದವರಿಗೆ ಬಡ್ಡಿ ಸಮೇತ ವಾಪಸು ಕೊಡಬೇಕು ಅಂತ ಈಗ ಆಗಿದೆ. ಲೆಕ್ಕ ಹಾಕಿದರೆ ಸರಿಸುಮಾರು ಒಂದು ಬಾಯ್ಲರ್. ಕೇಳುವುದಷ್ಟೇ ಬಾಕಿ. ತೊಂದರೆ ಇದ್ದದ್ದೂ ಅಲ್ಲೇ.)

ಗ್ಲೆಂಡಾ: ಮೂರರಲ್ಲೊಂದು ಭಾಗ ಕಂಪನಿಗೆ ಹೋದ್ರೆ ಬಾಯ್ಲರ್‌ನಲ್ಲಿ ಯಾವ ಭಾಗ ಬಿಡೋಣ? ಬಿಸಿನೀರು ಬೇಡ್ವಾ, ಇಲ್ಲಾ ಮಹಡಿಗೆ ಬಿಸಿ ಬೇಡ್ವಾ?

ಹೆಡ್ಲಿ: ದುಡ್ಡಿನ ಪ್ರಶ್ನೆ ಅಲ್ಲ ಗ್ಲೆಂಡಾ. ಸಂಬಂಧದ ಪ್ರಶ್ನೆ. ನನ್ನ ಮೊದಲ ಸಂಬಳ ಹಾಕಿದ್ದು ಆ ಬ್ಯಾಂಕಿಗೆ. ಈಗ ಹೋಗಿ ದುಡ್ಡು ಕೊಡಿ ಅಂದ್ರೆ ಅವರ ಮುಖ ಹೇಗೆ ನೋಡ್ಲಿ?

ಗ್ಲೆಂಡಾ: ಯಾರ ಮುಖ? ಆ ಶಾಖೆ ಮುಚ್ಚಿ ಯಾವ ಕಾಲ ಆಯ್ತು! ಈಗ ಅಲ್ಲಿ ನಾಯಿಗಳಿಗೆ ಕ್ಷೌರ ಮಾಡ್ತಾರೆ. ಪೂಡಲ್ ಮುಖ ನೋಡೋಕೆ ನಾಚಿಕೆನಾ ನಿಂಗೆ?

ಹೆಡ್ಲಿ: ನಾನು ಇನ್ಸ್‌ಪೆಕ್ಟರ್ ಆಗಿದ್ದವನು. ನನಗೊಂದು ಘನತೆ ಇದೆ.

(ಬಸ್ ಕಂಪನಿಯಲ್ಲಿ ಟಿಕೆಟ್ ಇನ್ಸ್‌ಪೆಕ್ಟರ್. ನಿವೃತ್ತಿಯಾದ ಮೇಲೂ ಬಸ್ ಹತ್ತಿದರೆ ಅಕ್ಕಪಕ್ಕದವರ ಕೈಯನ್ನು ಒಮ್ಮೆ ನೋಡದೇ ಕೂರುವವನಲ್ಲ.)

ಗ್ಲೆಂಡಾ: ಘನತೆ ಅಲ್ಲ, ಪುಕ್ಕಲು. ಸ್ಕಾರ್ಬರೋ ಹೋಟೆಲಲ್ಲಿ ಸೂರು ಸೋರಿ ಹಾಸಿಗೆ ತೊಪ್ಪೆ ಆಗಿತ್ತಲ್ಲ, ಮಾಲೀಕಳಿಗೆ ಏನಂದೆ?

ಹೆಡ್ಲಿ: ಅದನ್ಯಾಕೆ ಈಗ...

ಗ್ಲೆಂಡಾ: 'ಕೋಣೆ ಬಹಳ ತಂಪಾಗಿದೆ' ಅಂದೆ! ಕಿವಿ ಕೊಯ್ದ ಕ್ಷೌರಿಕನಿಗೆ ಟಿಪ್ಸು ಕೊಟ್ಟೆ. ಅವನ ಬಿಳಿ ಬಟ್ಟೆ ಮೇಲೆ ನಿನ್ನ ರಕ್ತ ಬಿತ್ತು ಅಂತ ಕ್ಷಮೆ ಬೇರೆ ಕೇಳಿದೆ.

ಹೆಡ್ಲಿ: ಹೊಸ ಬಟ್ಟೆ ಕಣೇ ಪಾಪ.

ಗ್ಲೆಂಡಾ: ಸಾಲ ನನ್ನ ಹೆಸರಲ್ಲಿ ಇದ್ದಿದ್ರೆ ಇಷ್ಟೊತ್ತಿಗೆ ಬಾಯ್ಲರ್ ಗುಡುಗ್ತಿತ್ತು. ನಿನ್ನ ಹೆಸರಲ್ಲಿದೆ, ನೀನೇ ಮಾತಾಡ್ಬೇಕಂತೆ. ತಗೋ.

(ಅಷ್ಟರಲ್ಲಾಗಲೇ ನಂಬರು ಒತ್ತಿ, ಇಬ್ಬರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟು ಆಗಿತ್ತು. ಒಂದಷ್ಟು ಸಂಗೀತ ಕೇಳಿಸಿದ ಮೇಲೆ ಗ್ಲಾಸ್ಗೋ ಕಡೆಯ ಹೆಣ್ಣುದನಿ ಬಂತು.)

ಐಲ್ಸಾ: ನಮಸ್ಕಾರ, ನಾನು ಬ್ಯಾಂಕಿನಿಂದ ಐಲ್ಸಾ. ಹೇಳಿ ಕ್ರಾಬ್‌ಟ್ರೀ ಅವರೇ, ನಮ್ಮಿಂದ ಏನು ತೊಂದರೆ ಆಯ್ತು?

ಹೆಡ್ಲಿ: ತೊಂದರೆ ಏನಿಲ್ಲಮ್ಮ. ನಾನೇ ನಿಮಗೆ ತೊಂದರೆ ಕೊಡ್ತಿದೀನಿ. ಕ್ಷಮಿಸಿ.

ಐಲ್ಸಾ: ಪರವಾಗಿಲ್ಲ, ಹೇಳಿ.

ಹೆಡ್ಲಿ: ನೀವು ಕೆಲಸದಲ್ಲಿದ್ರೆ ಆಮೇಲೆ ಮಾಡ್ತೀನಿ.

ಐಲ್ಸಾ: ಇದೇ ನನ್ನ ಕೆಲಸ.

(ಗ್ಲೆಂಡಾ ಮೇಜಿನ ಕೆಳಗಿಂದ ಒದ್ದಳು. ಹೆಡ್ಲಿ ಸಾಲದ ಕಥೆ ಹೇಳಿದ, ವಿಮೆಯ ಕಥೆ ಹೇಳಿದ, ನಡುವೆ ಅಡುಗೆಮನೆ ಎಷ್ಟು ಚೆನ್ನಾಗಿ ಬಂದಿದೆ ಅಂತಲೂ ಹೇಳಿದ.)

ಐಲ್ಸಾ: ಅರ್ಥವಾಯ್ತು. ಇದನ್ನ ದೂರು ಅಂತ ದಾಖಲು ಮಾಡಲಾ?

ಹೆಡ್ಲಿ: ಅಯ್ಯಯ್ಯೋ, ಬೇಡಿ ಬೇಡಿ. ದೂರು ಅಂತ ಅಲ್ಲ. ಸುಮ್ಮನೆ ಒಂದು ಮಾತು ಕಿವಿಗೆ ಹಾಕೋಣ ಅಂತ.

ಐಲ್ಸಾ: ಸುಮ್ಮನೆ ಒಂದು ಮಾತಿಗೆ ನನ್ನ ಕಂಪ್ಯೂಟರಲ್ಲಿ ಜಾಗ ಇಲ್ಲ ಸ್ವಾಮಿ. ಎರಡೇ ಮನೆ ಇರೋದು. ಒಂದು ದೂರು, ಇನ್ನೊಂದು ಮೆಚ್ಚುಗೆ.

ಹೆಡ್ಲಿ: ಹಾಗಿದ್ರೆ... ಮೆಚ್ಚುಗೆಗೇ ಹಾಕ್ಬಿಡಿ.

(ಗ್ಲೆಂಡಾ ತನ್ನ ಕೈಗವಸನ್ನೇ ಬಾಯಿಗೆ ತುರುಕಿಕೊಂಡಳು.)

ಐಲ್ಸಾ: ಮೆಚ್ಚುಗೆಗೆ ಹಾಕಿದ್ರೆ ನಿಮಗೇನೂ ಬರಲ್ಲ. ನನಗೆ ಕೇಕ್ ಬರುತ್ತೆ.

ಹೆಡ್ಲಿ: ಒಳ್ಳೇದೇ ಆಯ್ತಲ್ಲ!

ಗ್ಲೆಂಡಾ: ಅಮ್ಮಾ ತಾಯಿ, ದೂರು ಅಂತ ಬರ್ಕೋ! ನಾನು ಹೇಳ್ತಿದೀನಿ!

ಐಲ್ಸಾ: ಕ್ಷಮಿಸಿ ಅಮ್ಮಾ, ಖಾತೆದಾರರೇ ಹೇಳಬೇಕು. ಕ್ರಾಬ್‌ಟ್ರೀ ಅವರೇ, ನಿಮಗೆ ಹೇಳದೇ ವಿಮೆ ಹಾಕಿದ್ರಲ್ಲ, ಬೇಜಾರಾಗಲಿಲ್ವಾ?

ಹೆಡ್ಲಿ: ಬೇಜಾರು ಅಂತಲ್ಲ. ಒಂಚೂರು ಆಶ್ಚರ್ಯ.

ಐಲ್ಸಾ: ಕೆಟ್ಟ ಆಶ್ಚರ್ಯ ಅಲ್ವಾ?

ಹೆಡ್ಲಿ: ನಾನು ಕೆಟ್ಟದ್ದು ನೋಡಿದೀನಮ್ಮ. ಇದು ಅಷ್ಟಿರಲಿಲ್ಲ.

(ಆ ತುದಿಯಲ್ಲಿ ಒಂದು ನಿಟ್ಟುಸಿರು. ಈ ತುದಿಯಲ್ಲಿ ಅದಕ್ಕಿಂತ ದೊಡ್ಡದೊಂದು.)

ಹೆಡ್ಲಿ (ಪಿಸುದನಿಯಲ್ಲಿ): ಅದಕ್ಕೇ ಕಣೇ ಕಂಪನಿಗೆ ಕೊಡೋಣ ಅಂದದ್ದು. ಅವರಿಗೆ ಇದೆಲ್ಲ ಅಭ್ಯಾಸ ಇರುತ್ತೆ.

ಗ್ಲೆಂಡಾ: ಒಂದು 'ಹೌದು' ಅನ್ನೋದಕ್ಕೆ ಏಳುನೂರು ಪೌಂಡ್ ಕೊಡ್ತೀಯಾ? ಮದುವೆ ದಿನ ಚರ್ಚಲ್ಲಿ ನನ್ನ ಪಕ್ಕ ನಿಂತು ಬಿಟ್ಟಿಯಾಗೇ ಅಂದೆಯಲ್ಲೋ!

ಹೆಡ್ಲಿ: ಅವತ್ತು ಪಾದ್ರಿ ಎದುರಿಗಿದ್ದ.

ಐಲ್ಸಾ: ಸರಿ, ಕರೆ ಮುಗಿಸೋ ಮುಂಚೆ ವಿವರ ಒಮ್ಮೆ ತಾಳೆ ನೋಡ್ತೀನಿ. ಹೆಡ್ಲಿ ಕ್ರಾಬ್‌ಟ್ರೀ. ಬಾರ್ನ್ಸ್ಲಿ. ಸಾಲ ತಗೊಂಡಾಗಿನ ಉದ್ಯೋಗ, ಬಸ್ ಡ್ರೈವರ್.

(ಹೆಡ್ಲಿ ನಿಧಾನವಾಗಿ ಎದ್ದು ನಿಂತ.)

ಹೆಡ್ಲಿ: ಏನಂದ್ರಿ?

ಐಲ್ಸಾ: ಬಸ್ ಡ್ರೈವರ್ ಅಂತ ಇದೆ.

ಹೆಡ್ಲಿ: ಇನ್ಸ್‌ಪೆಕ್ಟರ್!

ಐಲ್ಸಾ: ಇಲ್ಲಿ ಡ್ರೈವರ್ ಅಂತ...

ಹೆಡ್ಲಿ: ಇನ್ಸ್‌ಪೆಕ್ಟರ್ ಅಂದೆ! ನಾನು ಬಸ್ ಹತ್ತಿದ್ರೆ ಡ್ರೈವರ್‌ಗಳು ಟೈ ಸರಿಮಾಡ್ಕೊಳ್ತಿದ್ರು!

ಗ್ಲೆಂಡಾ: ಹೆಡ್ಲಿ, ಬಡ್ತಿ ಸಿಕ್ಕಿ ಆಗಿನ್ನೂ ಹದಿನೈದು ದಿನ...

ಹೆಡ್ಲಿ: ಹದಿನೈದು ದಿನದವನೂ ಇನ್ಸ್‌ಪೆಕ್ಟರೇ! ಇಷ್ಟು ವರ್ಷದಿಂದ ಡ್ರೈವರ್ ಅಂತ ಬರ್ಕೊಂಡು ಕೂತಿದೀರಾ? ನಾಚಿಕೆ ಆಗಲ್ವೇನ್ರಿ? ಬರ್ಕೊಳ್ಳಿ! ದೂರು! ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ!

ಐಲ್ಸಾ (ಒಮ್ಮೆಲೇ ಚುರುಕಾಗಿ): ಬರ್ಕೊಂಡೆ. ಆ ವಿವರ ತುಂಬಿದ್ದು ಯಾರು?

ಹೆಡ್ಲಿ: ನಿಮ್ಮ ಬ್ಯಾಂಕಿನ ಆ ಸೂಟಿನ ಮನುಷ್ಯ. ನನ್ನನ್ನ ಒಂದು ಮಾತು ಕೇಳಲಿಲ್ಲ!

ಐಲ್ಸಾ: ವಿಮೆಯನ್ನೂ ಹಾಗೇ ಕೇಳದೇ ಹಾಕಿದ್ನಾ?

ಹೆಡ್ಲಿ: ಹೂಂ, ಅದನ್ನೂ! ಕಾಯಿಲೆ ಬಿದ್ರೆ ನಮ್ಮ ಕಂಪನಿ ಪೂರಾ ಸಂಬಳ ಕೊಡ್ತಿತ್ತು, ವಿಮೆ ಯಾಕ್ರೀ ಇನ್ಸ್‌ಪೆಕ್ಟರ್‌ಗೆ?

ಐಲ್ಸಾ: ಅಂದ್ರೆ ಅದೂ ದೂರು?

ಹೆಡ್ಲಿ: ಅದೂ ದೂರು! ಎಲ್ಲಾ ದೂರು! ಕಾಯಿಸೋವಾಗ ಹಾಕಿದ್ರಲ್ಲ ಸಂಗೀತ, ಅದೂ ದೂರು!

ಐಲ್ಸಾ: ಮೂರೂ ದಾಖಲಾಯ್ತು ಇನ್ಸ್‌ಪೆಕ್ಟರ್ ಸಾಹೇಬ್ರೇ. ನಮಸ್ಕಾರ.

(ಫೋನು ಸುಮ್ಮನಾಯಿತು. ಹೆಡ್ಲಿ ಇನ್ನೂ ಏದುಸಿರು ಬಿಡುತ್ತ ನಿಂತಿದ್ದ. ಕೆನ್ನೆ ಕೆಂಪಾಗಿತ್ತು. ಆ ಮನೆಯಲ್ಲಿ ಅಷ್ಟು ದಿನಗಳಲ್ಲಿ ಮೊದಲ ಸಲ ಒಂದು ವಸ್ತು ಬೆಚ್ಚಗಾಗಿತ್ತು.)

ಹೆಡ್ಲಿ: ಗ್ಲೆಂಡಾ.

ಗ್ಲೆಂಡಾ: ಏನು?

ಹೆಡ್ಲಿ: ಎಷ್ಟು ಹಗುರ ಆಯ್ತು ಗೊತ್ತಾ! ಇಂಥದ್ದನ್ನ ದುಡ್ಡು ಕೊಟ್ಟು ಬೇರೆಯವರ ಕೈಲಿ ಮಾಡಿಸ್ತಾರಲ್ಲ ಜನ!

(ಬ್ಯಾಂಕಿನವರು ವಿಚಾರಣೆಗೆ ತಮ್ಮ ಪದ್ಧತಿಯಂತೆ ಎಂಟು ವಾರ ತೆಗೆದುಕೊಂಡು, ಪೂರ್ತಿ ದುಡ್ಡು ಕಳಿಸಿದರು. ಒಂದು ಪೆನ್ನಿಯೂ ಯಾವ ಕಂಪನಿಗೂ ಹೋಗಲಿಲ್ಲ. ಬಾಯ್ಲರ್ ಬಂತು, ಕೂತಿತು, ಗುಡುಗಿತು. ಆದರೆ ಹೆಡ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. ಬೀದಿದೀಪ ಮಂದ ಅಂತ ನಗರಸಭೆಗೆ, ಗಂಟೆ ಜೋರು ಅಂತ ಚರ್ಚಿಗೆ, ಮನೆ ಸಿಕ್ಕಾಪಟ್ಟೆ ಬಿಸಿ ಅಂತ ಬಾಯ್ಲರ್‌ನವನಿಗೆ ದೂರು ಹೋದವು. ಭಾನುವಾರ ಮಧ್ಯಾಹ್ನ ಅಂಗಿಯ ತೋಳು ಮಡಚಿ ಊಟಕ್ಕೆ ಕೂತ.)

ಹೆಡ್ಲಿ: ಗ್ಲೆಂಡಾ, ಗ್ರೇವಿ ನೀರಾಗಿದೆ.

ಗ್ಲೆಂಡಾ: ಸುಮ್ಮನೆ ಒಂದು ಮಾತಾ?

ಹೆಡ್ಲಿ: ಅಲ್ಲ. ದೂರು.

ಗ್ಲೆಂಡಾ: ದಾಖಲಾಯ್ತು. ವಿಚಾರಣೆಗೆ ಎಂಟು ವಾರ ಆಗುತ್ತೆ. ಅಲ್ಲೀತನಕ ಅದನ್ನೇ ತಿನ್ನು.