ಈರುಳ್ಳಿಯವರ ಸನ್ನಿಧಾನಕ್ಕೆ, ಮ್ಯಾನೇಜರ್ ಸಾಹೇಬರು ಹೋಗದೆ ಉಳಿದ ವಿಚಾರವಾಗಿ

ಪದರ ಪದರದಲ್ಲೂ ಮಾನ್ಯರಾದ ಈರುಳ್ಳಿಯವರೇ,

ತಮ್ಮ ಪಾದಗಳಿಗೆ, ಅಂದರೆ ನಾನು ದಿನಾ ಬೆಳಿಗ್ಗೆ ಕತ್ತರಿಸಿ ಬಿಸಾಡುವ ಆ ಬೇರಿನ ತುದಿಗೆ, ಹೊಲಿಗೆ ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವಳಾದ ನನ್ನ ನಮಸ್ಕಾರಗಳು.

ತಮ್ಮ ಹಿರಿಮೆ ನನಗೆ ಬಾಯಿಪಾಠ. ಸಾವಿರಾರು ವರ್ಷಗಳ ಹಿಂದೆಯೇ ತಮ್ಮನ್ನು ರಾಜರ ಗೋರಿಗಳಲ್ಲಿ ಇಡುತ್ತಿದ್ದರೆಂದೂ, ತಮ್ಮಲ್ಲಿ ನಾರಿನಂಶವೂ ಸಿ ಜೀವಸತ್ವವೂ ಇವೆಯೆಂದೂ, ಹಸಿಯಾಗಿ ತಿಂದರೆ ಇನ್ನೂ ಒಳ್ಳೆಯದೆಂದೂ ನಮ್ಮ ಮ್ಯಾನೇಜರ್ ಸಾಹೇಬರು ಪ್ರತಿ ಮಧ್ಯಾಹ್ನ ಮೈಕು ಹಿಡಿದು, ಎಲ್ಲರ ತಟ್ಟೆಯ ಊಟ ಆರಿ ತಣ್ಣಗಾಗುವವರೆಗೆ ವಿವರಿಸುತ್ತಾರೆ. ಹೀಗಾಗಿ ಅವರಿಗೆ ಬೇರೆ ಊರಿಗೆ ವರ್ಗವಾಯಿತೆಂದು ತಿಳಿದಾಗ ಕಾರ್ಖಾನೆಗೆ ಕಾರ್ಖಾನೆಯೇ ಹಿಗ್ಗಿ ಹೀರೇಕಾಯಿಯಾಯಿತು.

ಬೀಳ್ಕೊಡುಗೆಯ ಊಟಕ್ಕೆಂದು ನಾನೂ ನನ್ನ ಚಿಕ್ಕಮ್ಮನೂ ತಮ್ಮನ್ನು ಮೂಟೆಗಟ್ಟಲೆ ಹೆಚ್ಚುತ್ತಾ ಕೂತಿದ್ದಾಗ, ಸಾಹೇಬರು ಹೇಳಿ ಹೋಗಲೆಂದು ಒಳಗೆ ಬಂದರು. ನಮ್ಮಿಬ್ಬರ ಕಣ್ಣಲ್ಲೂ ಧಾರಾಕಾರ ನೀರು. "ಅಯ್ಯೋ, ಇದು ಈರುಳ್ಳಿಗೆ ಸಾರ್" ಎಂದು ಚಿಕ್ಕಮ್ಮ ಹೇಳಿದರೆ, "ಅಳು ಮುಚ್ಚಿಡೋಕೆ ಎಲ್ಲರೂ ಹೇಳೋದು ಅದನ್ನೇ ಅಮ್ಮಾ" ಎಂದು ಜೇಬಿನ ಕರವಸ್ತ್ರವನ್ನೇ ತೆಗೆದುಕೊಟ್ಟು, "ಎಷ್ಟೋ ಊರು ಬಿಟ್ಟು ಬಂದೆ, ನನಗೋಸ್ಕರ ಒಬ್ಬರೂ ಕಣ್ಣೀರು ಹಾಕಿರ್ಲಿಲ್ಲ" ಎಂದರು. ನಾನು ನಿಜ ಹೇಳುವ ಬದಲು ತಮ್ಮಲ್ಲೇ ಇನ್ನೊಬ್ಬರನ್ನು ಹೆಚ್ಚತೊಡಗಿದೆ. ಚಿಕ್ಕಮ್ಮನಂತೂ ಆ ಕರವಸ್ತ್ರ ಹಿಡಿದು ಈ ಬಾರಿ ಸಾಚಾ ಅಳುವನ್ನೇ ಅತ್ತುಬಿಟ್ಟರು. ಸಾಹೇಬರು ನಿಂತ ನಿಲುವಿನಲ್ಲೇ ಮೇಲಿನವರಿಗೆ ಫೋನು ಮಾಡಿ ವರ್ಗ ರದ್ದು ಮಾಡಿಸಿಕೊಂಡರು.

ಅಂದಿನಿಂದ ಹೊಲಿಗೆಯವರು ನಮ್ಮನ್ನು ಕಂಡರೆ ಮುಖ ಸಿಂಡರಿಸುತ್ತಾರೆ. "ಅಳೋಕೆ ನಿಮಗೆ ಬೇರೆ ದಿನ ಸಿಗ್ಲಿಲ್ವಾ ಅಕ್ಕಾ?" ಎಂದು ಗುಂಡಿ ಹಾಕುವವಳು ತಟ್ಟೆ ಒಡ್ಡುತ್ತಲೇ ಕೇಳುತ್ತಾಳೆ.

ಆದ್ದರಿಂದ, ದೇಹದ ಸಕಲ ಅಂಗಗಳಿಗೂ ಹಿತವೆಂದು ಹೊಗಳಿಸಿಕೊಂಡೂ ಕಣ್ಣೊಂದನ್ನು ಮಾತ್ರ ಮರೆತಿರುವ ತಾವು, ಇನ್ನು ಮುಂದೆ ಬೀಳ್ಕೊಡುಗೆಯ ದಿನಗಳಲ್ಲಿ ಘಾಟನ್ನು ಮಂಡಿಯಲ್ಲೇ ಬಿಟ್ಟು ಬರಬೇಕೆಂದೂ, ಇಲ್ಲವಾದರೆ ಖುದ್ದಾಗಿ ಮೈಕಿನ ಮುಂದೆ ನಿಂತು ಆ ಕಣ್ಣೀರು ತಮ್ಮದೇ ಎಂದು ಒಪ್ಪಿಕೊಳ್ಳಬೇಕೆಂದೂ ಕೋರುತ್ತೇನೆ. ಒಪ್ಪಿಕೊಳ್ಳುವುದಾದರೆ ಸಾಹೇಬರು ಇಲ್ಲದ ಹೊತ್ತು ನೋಡಿ. ಅವರೀಗ ಅಡುಗೆಮನೆಯಲ್ಲಿ ನಮ್ಮ ಜೊತೆಯೇ ಕೂತು ಉಣ್ಣುತ್ತಾರೆ. ಪಾಪ, ಅವರ ಮನಸ್ಸು ಮುರಿಯುವುದು ಬೇಡ.

ಇಂತಿ, ಮೂಗು ಒರೆಸಿಕೊಳ್ಳುತ್ತಲೇ ಸಹಿ ಹಾಕುತ್ತಿರುವ ತಮ್ಮ ವಿಶ್ವಾಸಿ,
ಕ್ಯಾಂಟೀನಿನ ಅಡುಗೆಯವಳು

ವಿ.ಸೂ.: ಸೋಮವಾರದಿಂದ ಸಾಹೇಬರು ಬೆಳ್ಳುಳ್ಳಿಯ ಚರಿತ್ರೆ ಶುರು ಮಾಡುತ್ತಾರೆ. ಅದಕ್ಕೆ ತಮಗಿಂತ ಗುಣಗಳು ಹೆಚ್ಚಂತೆ. ಇನ್ನು ಅಳುವ ಸರದಿ ತಮ್ಮದು.